ಗೋಡೆ ದಾಟದ ಐದು

ಗುಂಡಿ ಅತ್ತೆ ಅಪ್ಪನ ತಂಗಿ. ಗಂಡ ಬಿಟ್ಟುಹೋದ ಮೇಲೆ ನಮ್ಮ ಅಡುಗೆಮನೆಯ ಹಿಂದಿನ ಕೋಣೆಗೆ ಬಂದವಳು ಹತ್ತೊಂಬತ್ತು ವರ್ಷ ಅಲ್ಲೇ ಉಳಿದಳು. ಬೆಳಿಗ್ಗೆ ನಮ್ಮೆಲ್ಲರ ಅಡುಗೆ, ಬಟ್ಟೆ. ಮಧ್ಯಾಹ್ನ ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಗುಂಡಿ ಹೊಲಿಯುವುದು. ಆ ಹೆಸರು ಬಂದಿದ್ದು ಹಾಗೆ. ಅವಳ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡಿದರೆ ಅಂಗಾಲಿಗೆ ಗುಂಡಿ ಒತ್ತುತ್ತಿತ್ತು. ನಾವು ಅವಳನ್ನು ಕೆಟ್ಟದಾಗಿ ನೋಡಿಕೊಂಡೆವು ಎಂದು ಯಾರೂ ಹೇಳುವಂತಿಲ್ಲ. ನಾವು ನೋಡಿಕೊಳ್ಳಲೇ ಇಲ್ಲ.

ನಲವತ್ತೆರಡನೆಯ ವಯಸ್ಸಿಗೆ ಅವಳಿಗೆ ಕೆಲಸದ ಹುಚ್ಚು ಹಿಡಿಯಿತು. ಆಸ್ಪತ್ರೆಯೊಂದರಲ್ಲಿ ಫೋನ್ ಎತ್ತಿ ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡುವ ಕೆಲಸ. ಇರಲು ಕೋಣೆಯನ್ನೂ ಅವರೇ ಕೊಡುತ್ತಿದ್ದರು. ಸಂದರ್ಶನ ವಿಡಿಯೋ ಕಾಲ್‌ನಲ್ಲಿ, ಒಂದೇ ಸಲ. ಅದಕ್ಕೆಂದೇ 5ಜಿ ಫೋನು ತಂದಳು. ಸಿಮ್ಮಿಗೆ ನೆಟ್ ಹಾಕಿಸಲಿಲ್ಲ, ಮನೆಯಲ್ಲಿ ವೈಫೈ ಇತ್ತಲ್ಲ. ಆ ವೈಫೈಗೆ ಎರಡು ಹೆಸರು. ಒಂದು ಬೋಳು, ಇನ್ನೊಂದರ ಕೊನೆಗೆ 5ಜಿ ಎಂಬ ಬಾಲ. ಅತ್ತೆ ಬಾಲದ್ದನ್ನೇ ಆರಿಸಿದಳು.

"ಫೋನೂ ಫೈವ್‌ಜಿ, ವೈಫೈನೂ ಫೈವ್‌ಜಿ. ಸರಿಯಾಗೇ ಹಾಕ್ಕೊಂಡಿದೀನಿ ಅಲ್ವಾ ಅತ್ತಿಗೆ?" ಎಂದು ಅಮ್ಮನನ್ನು ಕೇಳಿದಳು.

ಆ ಎರಡು 5ಜಿಗೂ ಸಂಬಂಧವೇ ಇಲ್ಲ. ವೈಫೈ ಹಾಕಿದವನು ಅಮ್ಮನಿಗೂ ನನಗೂ ಬಿಡಿಸಿ ಹೇಳಿದ್ದ. ಬಾಲದ್ದು ಐದು ಗಿಗಾಹರ್ಟ್ಸ್‌ನದು, ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಸೋಲುತ್ತದೆ. ಹಿಂದಿನ ಕೋಣೆಗೆ ಬೋಳು ಹೆಸರಿನ 2.4 ಒಂದೇ ಗತಿ.

ಅಮ್ಮ ನನ್ನ ಮುಖ ನೋಡಿದಳು. ಅತ್ತೆ ಹೋದರೆ ಮುಂಜಾನೆ ಎದ್ದು ಒಲೆ ಹಚ್ಚುವವರು ಯಾರು ಎಂಬುದು ಅವಳ ಚಿಂತೆ. ನನಗಾಗ ಇಪ್ಪತ್ಮೂರು ತುಂಬಿತ್ತು, ನನ್ನ ಒಳಬಟ್ಟೆ ಒಗೆಯುತ್ತಿದ್ದವಳೂ ಅತ್ತೆಯೇ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

"ಸರಿಯಾಗೇ ಇದೆ ಕಣೇ," ಎಂದಳು ಅಮ್ಮ. "ನಿನ್ನ ಕೋಣೇಲೇ ಬಾಗಿಲು ಹಾಕ್ಕೊಂಡು ಕೂತು ಮಾತಾಡು. ಇಲ್ಲಿ ಗಲಾಟೆ."

ಮರುದಿನ ಹನ್ನೊಂದಕ್ಕೆ ಕಾಲ್ ಬಂತು. ನಾವಿಬ್ಬರೂ ಅಡುಗೆಮನೆಯಲ್ಲಿ ಕಿವಿ ನೆಟ್ಟು ನಿಂತಿದ್ದೆವು. "ಮೇಡಂ, ಕೇಳಿಸ್ತಿದೆಯಾ? ನಾನು ಕಾಣಿಸ್ತಿದೀನಾ?" ಎಂದು ಅತ್ತೆ ಏಳೆಂಟು ಸಲ ಕೇಳಿರಬೇಕು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ಅತ್ತೆ ಫೋನು ಹಿಡಿದು ಅಡುಗೆಮನೆಗೆ ಓಡಿಬಂದಳು. ಫೋನಿನಿಂದ ಒಂದು ಹೆಣ್ಣುದನಿ "ಹಾಂ, ಈಗ ಹೇಳಿ" ಎಂದಿತು. ಅಮ್ಮ ಮಿಕ್ಸಿ ತಿರುಗಿಸಿದಳು. ಜಾರಿನಲ್ಲಿ ಏನೂ ಇರಲಿಲ್ಲ. ಅತ್ತೆ ಮತ್ತೆ ತನ್ನ ಕೋಣೆಗೇ ಓಡಿದಳು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ನಿಮ್ಮ ಮಾತು ಕೇಳಿಸಲಿಲ್ಲ, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂದು ಸಂಜೆ ಮೆಸೇಜು ಬಂತು.

"ಹಣೇಲಿ ಬರೆದಿರಬೇಕಲ್ಲ," ಎಂದು ಅಮ್ಮ ಸಮಾಧಾನ ಹೇಳಿದಳು. ಅತ್ತೆ ಕಣ್ಣೊರೆಸಿಕೊಂಡು, ಹೌದು ಅತ್ತಿಗೆ ಎಂದಳು.

ಎರಡು ವಾರದ ನಂತರ ಟಿವಿಗೆ ನೆಟ್ ಬರುತ್ತಿಲ್ಲವೆಂದು ವೈಫೈಯವನನ್ನು ಕರೆಸಿದೆವು. ಕುಡಿಯಲು ನೀರು ಕೊಟ್ಟ ಅತ್ತೆ, ಹಾಗೇ ತನ್ನ ಫೋನನ್ನೂ ಮುಂದೆ ಹಿಡಿದಳು. ಅವನು ಸೆಟ್ಟಿಂಗ್ಸ್ ತೆರೆದು, ವೈಫೈ ಹೆಸರಿನ ಪಕ್ಕದ ಚಕ್ರ ಒತ್ತಿದ.

"ಇಲ್ಲಿ ಫ್ರೀಕ್ವೆನ್ಸಿ ಅಂತಿದೆ ನೋಡಿ ಅಕ್ಕಾ. ಐದು ತೋರಿಸ್ತಿದೆ. ಇದು ನಿಮ್ಮ ಕೋಣೆ ಮುಟ್ಟಲ್ಲ. ಹಾಕಿದ ದಿನಾನೇ ಇವರಿಬ್ಬರಿಗೂ ಹೇಳಿದ್ನಲ್ಲ."

ಅಮ್ಮ ಏನೋ ನೆನಪಾದವಳಂತೆ ಮಹಡಿಗೆ ಹೋದಳು. ಅವನು ಕೆಲಸ ಮುಗಿಸಿ ಹೊರಟ. ಅತ್ತೆ ಆ ಐದನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು.

"ನಿಂಗೂ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ. ಅಷ್ಟು ಕಷ್ಟ ಯಾಕೆ ಎನಿಸಿತು.

"ಗೊತ್ತಿತ್ತು. ಹಸಿವಾಗ್ತಿದೆ, ತಟ್ಟೆ ಹಾಕು."

ಅತ್ತೆ ತಟ್ಟೆ ಹಾಕಿದಳು.