ಮೂರನೆಯ ಪಾದದ ಅಳತೆ

ಬೂಟು ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅಳತೆಯಕ್ಕ. ಹತ್ತೊಂಬತ್ತು ವರ್ಷ ಮಂಡಿಯೂರಿ, ಟೇಪು ಹಿಡಿದು, ಬೆವರು ನಾರುವ ಪಾದಗಳನ್ನು ಮುಖ ಸಿಂಡರಿಸದೆ ಅಳೆದವಳು. ಒಬ್ಬನದೇ ಎರಡು ಪಾದಗಳು ಸರಿಸಮ ಇರುವುದು ಅಪರೂಪ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸಲ ಹೊಸ ಅಚ್ಚು ಮಾಡಿಸಲೆಂದು ಒಂಬೈನೂರು ಜನರ ಪಾದಗಳನ್ನು ಅಳೆದು ಬರೆದುಕೊಟ್ಟಿದ್ದಳು.

ಅಂಥವಳ ಕೈಗೆ ಒಂದು ಕಾಗದ ಬಂತು. ಅಳತೆ ಸುಳ್ಳು, ಮೂರು ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸವಿಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಳತೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಕಾಗದಕ್ಕೆ ಸಹಿ ಹಾಕಿದ್ದ ಅಂಕಿಅಂಶದ ಸಾಹೇಬರ ಕೋಣೆಗೇ ನುಗ್ಗಿದಳು.

"ಸುಳ್ಳು ಅಂದೋರು ಯಾರು?"

"ನಾನಲ್ಲಮ್ಮ, ಕಂಪ್ಯೂಟರು." ಸಾಹೇಬರು ಪರದೆಯನ್ನು ಅವಳತ್ತ ತಿರುಗಿಸಿದರು. "ನಿಮ್ಮ ಮೂರು ಕಾಲಂ ಒಂದಕ್ಕೊಂದು ಹೆಂಗೆ ಹೊಂದುತ್ತೆ ಅಂತ ಮೂರಕ್ಕೆ ಮೂರರ ಮ್ಯಾಟ್ರಿಕ್ಸ್, ಅಂದ್ರೆ ಅಂಕಿಗಳ ಚೌಕ, ಮಾಡಿದೆ. ಅದರ ಡಿಟರ್ಮಿನೆಂಟ್, ಅಂದ್ರೆ ಇಡೀ ಚೌಕಕ್ಕೆ ಬರೋ ಒಂದೇ ಅಂಕಿ, ಕೇಳಿದ್ರೆ ಸೊನ್ನೆ ಅಂತಿದೆ, ನೋಡಿ."

"ಸೊನ್ನೆ ಬಂದ್ರೇನಂತೆ?"

"ಒಂದು ಕಾಲಂ ಅಳೆದೇ ಇಲ್ಲ ಅಂತ. ಉಳಿದಿದ್ರಿಂದ ಹುಟ್ಟಿಸಿ ಬರೆದಿದೀರಿ. ಮನೇಲಿ ಕೂತು ತುಂಬಿದ್ರೆ ಹಿಂಗೇ ಆಗೋದು."

ಅಳತೆಯಕ್ಕ ಪುಸ್ತಕವನ್ನು ಅವರ ಮೂಗಿನ ಕೆಳಗೆ ಬಿಚ್ಚಿಟ್ಟಳು. "ಎಡಪಾದ, ಬಲಪಾದ. ಮೂರನೇದೇನು, ನೀವೇ ಓದಿ."

"ಎರಡರ ಮೊತ್ತ."

"ಮನುಷ್ಯಂಗೆ ಮೂರನೇ ಪಾದ ಎಲ್ಲಿಂದ ತಂದು ಅಳೀಲಿ ಸ್ವಾಮಿ? ಕೂಡಿಸಿಯೇ ಬರೆದಿದೀನಿ. ಬರೆಸಿದ್ಯಾರು?"

ಮೊದಲ ಪುಟದಲ್ಲಿ ಸಾಹೇಬರದೇ ಕೈಬರಹವಿತ್ತು, ಕೆಂಪು ಶಾಯಿಯಲ್ಲಿ: 'ಮೊತ್ತ ಯಾಕೆ ಖಾಲಿ? ತುಂಬಿಸಿ ತನ್ನಿ.' ವಾರವಿಡೀ ಊಟದ ಬಿಡುವನ್ನೂ ಬಿಟ್ಟು ಅವಳು ಅದನ್ನು ತುಂಬಿದ್ದಳು.

ಸಾಹೇಬರು ಕನ್ನಡಕ ಒರೆಸಿಕೊಂಡರು.

"ಅದನ್ನ ತೆಗೆದು ಇನ್ನೊಂದ್ಸಲ ಕೇಳಿ. ನಾನು ಇಲ್ಲೇ ನಿಂತಿರ್ತೀನಿ."

ಮೊತ್ತ ತೆಗೆದರು. ಎರಡಕ್ಕೆ ಎರಡರ ಚೌಕ ಉಳಿಯಿತು. ಗುಂಡಿ ಒತ್ತಿದರು. ಸೊನ್ನೆ ಇದ್ದ ಜಾಗದಲ್ಲಿ 0.21 ಬಂದು ಕೂತಿತು.

"ಹ್ಞಾಂ, ಸರಿಯಾಗಿದೆ. ಸಿಸ್ಟಮ್‌ನಲ್ಲಿ ಏನೋ ಆಗಿತ್ತು. ನೀವಿನ್ನು ಹೊರಡಿ."

"ಮೊದ್ಲು ನನ್ನ ತಲೆಗೆ ಕಟ್ಟಿದ್ರಿ, ಈಗ ಬಾಯಿಲ್ಲದ ಕಂಪ್ಯೂಟರಿನ ತಲೆಗೆ ಕಟ್ತೀರಾ?" ಕಾಗದವನ್ನು ಮೇಜಿನ ಮೇಲಿಟ್ಟಳು. "ಇದರ ಕೆಳಗೆ ನೀವೇ ಬರೀರಿ, 'ತಪ್ಪು ನಂದು' ಅಂತ."

"ಅಷ್ಟೆಲ್ಲ ಯಾಕಮ್ಮ, ಹರಿದು ಬಿಸಾಕಿದ್ರಾಯ್ತು."

"ಹರಿದ್ರೆ ನಿಮ್ಮ ತಪ್ಪು ಮಾತ್ರ ಹರಿದುಹೋಗುತ್ತೆ. ಸುಳ್ಳಿ ಅನ್ನೋ ಹೆಸರು ನನಗೇ ಉಳಿಯುತ್ತೆ."

ಸಾಹೇಬರು ನಿಟ್ಟುಸಿರು ಬಿಟ್ಟು ಜೇಬಿನಿಂದ ನೀಲಿ ಪೆನ್ನು ತೆಗೆದರು.

"ಅದಲ್ಲ, ಕೆಂಪಿನದು," ಎಂದಳು ಅಳತೆಯಕ್ಕ.

ಅವರು ಡ್ರಾಯರು ಎಳೆದು ತಡಕಾಡತೊಡಗಿದರು. ಅವಳ ಮಂಡಿ ನೋಯುತ್ತಿತ್ತು. ಯಾರೂ ಕೂರಲು ಹೇಳದ ಆ ಕುರ್ಚಿಯನ್ನು ತಾನೇ ಎಳೆದುಕೊಂಡು, ಪೆನ್ನು ಸಿಗುವವರೆಗೂ ಕೂತಳು.