ಡಬ್ಬದೊಳಗಿನ ಬಾಗಿಲು

ಟೀಚರಮ್ಮನ ಎಡಗೈ ನಡುಗುತ್ತಿತ್ತು. ಕೂತಾಗ ಅದನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರು, ತುಂಟ ಮಗುವನ್ನು ಹಿಡಿದು ಕೂರಿಸಿದ ಹಾಗೆ. ಬಲಗೈ ಹೆಬ್ಬೆರಳಿನ ಉಗುರು ಸಂದಿಯಲ್ಲಿ ದಿನಕ್ಕೊಂದು ಬಣ್ಣ. ಅದನ್ನು ನೋಡಿದರೆ ಇವತ್ತು ಯಾವ ಬೊಂಬೆ ಮಾಡಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ಅರಕಲಗೂಡಿನ ಕಡೆ ಡ್ರಾಯಿಂಗ್ ಟೀಚರಾಗಿದ್ದವರು. ರಿಟೈರ್ ಆದ ಮೇಲೆ ಹೊಳೆನರಸೀಪುರಕ್ಕೆ ಬಂದು ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಸೇರಿದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೀದಿಯವರು ಟೀಚರಮ್ಮ ಎಂದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಅದು ನನಗೆ ಹಿಡಿಸುತ್ತಿರಲಿಲ್ಲ. ನನ್ನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ, ನನ್ನ ತಂಗಿ. ಅವಳು ಸತ್ತು ಮೂವತ್ತು ವರ್ಷ ದಾಟಿತ್ತು.

ಟೀಚರಮ್ಮ ಬೊಂಬೆ ಮಾಡುತ್ತಿದ್ದರು. ಅದಕ್ಕೆ ಬೇಕಾದ್ದು ಪಾಲಿಮರ್ ಕ್ಲೇ, ಒಂದು ಥರದ ಮಣ್ಣು ಎಂದರು. ಮುಟ್ಟಿ ನೋಡಿದೆ. ಮಣ್ಣಿನ ವಾಸನೆ ಇಲ್ಲ, ನೀರು ಬೇಡ, ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಬಿಸಿಲಿಗಿಟ್ಟರೆ ಗಟ್ಟಿಯಾಗುವುದಿಲ್ಲ, ಸಣ್ಣ ಕರೆಂಟ್ ಓವನ್ನಿನಲ್ಲಿ ಬೇಯಿಸಬೇಕು. "ಇದು ಮಣ್ಣಲ್ಲ ಕಣಮ್ಮ, ಪ್ಲಾಸ್ಟಿಕ್ಕು. ನಿಮಗೆ ಯಾರೋ ಟೋಪಿ ಆಕವ್ರೆ" ಎಂದೆ. ನಕ್ಕರು, ಬೇಜಾರು ಮಾಡಿಕೊಳ್ಳಲಿಲ್ಲ.

ಬೊಂಬೆಯ ಒಳಗೆ ತಂತಿ, ಮೈಮೇಲೆ ಟೈಲರ್ ಅಂಗಡಿಯ ಚೂರು ಬಟ್ಟೆ. ಪೊರಕೆ ಕಡ್ಡಿ, ಗುಂಡಿ, ಹಳೇ ಟಿಕೆಟ್ಟು, ಯಾವುದನ್ನೂ ಎಸೆಯುತ್ತಿರಲಿಲ್ಲ. ಚಪ್ಪಲಿ ಡಬ್ಬವನ್ನು ಅಡ್ಡ ಇಟ್ಟು ಅದರೊಳಗೆ ಎಲ್ಲವನ್ನೂ ಕೂರಿಸಿದರೆ ಒಂದು ಕತೆ. ನಮ್ಮ ಬೀದಿಗೆ ಹೂವು ತರುವವಳು ದುದ್ದದ ಬಸ್ಸಿನಲ್ಲೇ ಹೆತ್ತವಳು. ಆ ಕತೆಯನ್ನು ಮಾಡಿದ್ದರು. ಬಸ್ಸಿನ ನೆಲಕ್ಕೆ ನಿಜವಾದ ಟಿಕೆಟ್ಟು ಅಂಟಿಸಿದ್ದರು. ಕಂಡಕ್ಟರು ತನ್ನ ಶರ್ಟು ಬಿಚ್ಚಿ ಪರದೆ ಹಿಡಿದು ಆ ಕಡೆ ತಿರುಗಿ ನಿಂತಿದ್ದ. ಹೂವಿನವಳು ಬಂದವರಿಗೆಲ್ಲ ತೋರಿಸುತ್ತಿದ್ದಳು, ನೋಡ್ರವ್ವ, ಅದು ನಾನೇ ಎಂದು.

ಬೊಂಬೆಗಳಿಗೆ ಕಣ್ಣು ಮೂಗು ಇರುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಮುಖದಲ್ಲಿ ಎಲ್ಲಾರೂ ನಾಟಕ ಆಡ್ತಾರೆ ಅಕ್ಕ. ನಿಂತ್ಕೊಳೋದು ನೋಡಿ, ಅಲ್ಲಿ ಗೊತ್ತಾಗ್ತದೆ" ಎಂದರು.

ಆ ವರ್ಷ ದಸರಾಕ್ಕೆ ನಮ್ಮ ಬೀದಿಯ ಹೆಂಗಸರ ಕತೆಗಳನ್ನೇ ಬೊಂಬೆಯಾಗಿ ಕೂರಿಸುತ್ತೇನೆ ಎಂದು ಹೊರಟರು. ಹೆಂಗಸರು ಒಬ್ಬೊಬ್ಬರೇ ಹೋಗಿ ತಮ್ಮ ಕತೆ ಹೇಳಿ ಬಂದರು. ನಾನು ಅವರ ನಡುಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ ನನ್ನ ಸರದಿ ಬಂತು. ತಂಗಿಯ ಮಾತು ಎತ್ತಿದೆ. ಹಳ್ಳಿಮೈಸೂರಿನ ಕಡೆಗೆ ಕೊಟ್ಟಿದ್ದೆವು. ಕಡೇ ಸಲ ನಮ್ಮ ಮನೆಗೆ ಬಂದಾಗ ಊಟ ಹಾಕಿ, ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿ, ಮರ್ಯಾದೆಯಿಂದ ಕಳಿಸಿದೆ ಎಂದೆ. ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದುದು ಅಷ್ಟೇ.

ಹೇಳದೆ ಇದ್ದದ್ದು ಬೇರೆ. ಅವಳು ಬ್ಯಾಗು ಹಿಡಿದು ಬಂದಿದ್ದಳು. ಇನ್ನು ಆ ಮನೆಗೆ ಹೋಗಲ್ಲ ಅಕ್ಕ ಎಂದಿದ್ದಳು. ನನಗೆ ಮೂರು ಮಕ್ಕಳು, ಅತ್ತೆ, ಎರಡೇ ಕೋಣೆ. ಹೊಂದಿಕೊಂಡು ಹೋಗು ಎಂದು ಮಡಿಲು ತುಂಬಿಬಿಟ್ಟೆ. ಮಡಿಲು ತುಂಬಿದ ಮೇಲೆ ಹೆಣ್ಣು ಹೊರಡಲೇಬೇಕು. ತಿಂಗಳು ತುಂಬುವುದರೊಳಗೆ ಸುದ್ದಿ ಬಂತು. ಹೊಟ್ಟೆನೋವು ತಾಳಲಾರದೆ ಪ್ರಾಣ ಕಳಕೊಂಡಳು ಎಂದು ಗಂಡನ ಮನೆಯವರು ಪೊಲೀಸರಲ್ಲಿ ಬರೆಸಿದರು. ನಮ್ಮ ಕಡೆಯವರು ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಟೀಚರಮ್ಮ ನನ್ನನ್ನು ಒಂದೇ ಒಂದು ಮಾತು ಕೇಳಿದರು. "ಹೋಗುವಾಗ ನಿಮ್ಮ ತಂಗಿ ತಿರುಗಿ ನೋಡಿದ್ರಾ ಅಕ್ಕ?"

"ಗೊತ್ತಿಲ್ಲ ಕಣಮ್ಮ. ಬಾಗ್ಲು ಆಕ್ಕಂಡಿದ್ದೆ" ಎನ್ನುತ್ತಾ ಅಕ್ಕಿ ಬಿಟ್ಟು ಎದ್ದು ನಿಂತುಬಿಟ್ಟೆ. ಆ ಮಾತು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವರು ಮುಂದೆ ಕೆದಕಲಿಲ್ಲ.

ಎಂಟು ದಿನ ಬಿಟ್ಟು ಹೋದರೆ ಮೇಜಿನ ಮೇಲೆ ನನ್ನ ಕತೆ ಇತ್ತು. ಡಬ್ಬದ ನಡುವೆ ಹಳೇ ಸ್ಲೇಟಿನ ಚೌಕಟ್ಟಿನಿಂದ ಮಾಡಿದ ಮುಚ್ಚಿದ ಬಾಗಿಲು. ಆಚೆ ಒಬ್ಬಳು, ಕಾಲು ರಸ್ತೆಯ ಕಡೆಗೆ, ಕತ್ತು ಬಾಗಿಲ ಕಡೆಗೆ, ಮಡಿಲು ಭಾರಕ್ಕೆ ಜೋತು ಬಿದ್ದ ಹಾಗಿತ್ತು. ಅದಕ್ಕೆ ನಿಜವಾದ ಅಕ್ಕಿ ತುಂಬಬೇಕು, ಬೊಂಬೆ ಬೆಂದ ಮೇಲೆ ಎಂದರು. ಈಚೆ ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಹೆಗಲು ಕೆಳಗೆ, ಕೈ ಸೊಂಟದ ಮೇಲೆ. ಆ ಹೆಗಲು ನನ್ನದು. ಮುಖ ಇಲ್ಲದಿದ್ದರೂ ಬೀದಿಯ ಚಿಕ್ಕ ಮಕ್ಕಳೂ ಗುರುತು ಹಿಡಿಯುತ್ತಿದ್ದರು.

"ನಾನು ಇಂಗೆ ನಿಂತಿದ್ದೆ ಅಂತ ನಿಮಗೆ ಯಾರೇಳಿದ್ರು?"

"ನೀವೇ. ಬಾಗಿಲು ಹಾಕ್ಕೊಂಡೆ ಅಂದ್ರಲ್ಲ, ಆಗ ಈ ಗೋಡೆಗೆ ಹಿಂಗೇ ಒರಗಿದ್ರಿ."

ಇದನ್ನು ನಾಲ್ಕು ಜನರ ಮುಂದೆ ಇಡಬೇಡಿ ಎಂದೆ. ಅವರು ಹಟ ಮಾಡಲಿಲ್ಲ. "ಬೇಯಿಸಿ ನಿಮ್ಮ ಕೈಗೇ ಕೊಡ್ತೀನಿ. ಇಡೋದೋ ಬಿಡೋದೋ ನೀವೇ ನೋಡಿ. ಬಲಗೈಯೂ ಶುರು ಹಚ್ಚಿದೆ ಅಕ್ಕ, ಇನ್ನೊಂದು ನನ್ನ ಕೈಲಾಗಲ್ಲ" ಎಂದರು.

ಎರಡೂ ಬೊಂಬೆಗಳನ್ನು ಓವನ್ನಿನೊಳಗಿಟ್ಟು, ನೂರ ಮೂವತ್ತು ಡಿಗ್ರಿಗೆ ತಿರುಗಿಸಿ, ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋದರು. ಅರ್ಧ ಗಂಟೆ ನೋಡಿಕೊಳ್ಳಿ ಎಂದು ನನ್ನನ್ನು ಕೂರಿಸಿದರು. ನಾನು ಓವನ್ನಿನ ನಾಬನ್ನು ಕೊನೆವರೆಗೂ ತಿರುಗಿಸಿದೆ.

ಅವರು ಬರುವಷ್ಟರಲ್ಲಿ ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಎರಡೂ ಬೊಂಬೆ ಕಪ್ಪಾಗಿ, ಬುರುಗೆದ್ದು, ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಂಚು ಸುಡುವವರನ್ನು ನೋಡಿದ್ದೆ, ಬೆಂಕಿ ಕಮ್ಮಿಯಾದರೆ ಹಸಿ ಉಳಿಯುತ್ತದೆ, ಅದಕ್ಕೇ ಜಾಸ್ತಿ ಮಾಡಿದೆ ಎಂದೆ. ಓದಿಲ್ಲದ ಮುದುಕಿ, ಮಣ್ಣು ಅಂದರೆ ಮಣ್ಣು ಎಂದುಕೊಂಡಳು ಎಂದು ಬೀದಿಯವರು ನಕ್ಕು ಸುಮ್ಮನಾದರು. ಟೀಚರಮ್ಮ ಕಿಟಕಿ ತೆಗೆದು ಬಂದು ನನ್ನನ್ನು ನೋಡಿದರು. ಮುಖ ನೋಡಲಿಲ್ಲ, ನಿಂತಿದ್ದುದನ್ನು ನೋಡಿದರು. ಕಾಫಿ ಕುಡೀತೀರಾ ಎಂದು ಕೇಳಿದರು.

ದಸರಾಕ್ಕೆ ಎಲ್ಲ ಡಬ್ಬಗಳ ಸಾಲಿನಲ್ಲಿ ಆ ಡಬ್ಬವೂ ಇತ್ತು. ಮುಚ್ಚಿದ ಬಾಗಿಲು, ಆಚೆ ಒಂದು ಹಿಡಿ ಅಕ್ಕಿ, ಬೇರೇನೂ ಇಲ್ಲ. ಇದೇನು, ಯಾರ ಕತೆ ಎಂದು ಹೆಂಗಸರು ಕೇಳಿದರು. "ಇದು ಮುಗಿದಿಲ್ಲ. ಹೇಳೋರು ಹೇಳಿದ್ಮೇಲೆ ಮುಗೀತದೆ" ಎಂದರು. ನನ್ನ ಕಡೆ ತಿರುಗಲಿಲ್ಲ. ನಾನು ಕುಂಕುಮ ತೆಗೆದುಕೊಂಡು ಮನೆಗೆ ಬಂದೆ.

ಆಮೇಲೆ ಅವರ ಎರಡೂ ಕೈಗಳ ಶಕ್ತಿ ಹೋಯಿತು. ನಾಲ್ಕು ತಿಂಗಳು ನಾನೇ ಗಂಜಿ ಕುಡಿಸಿದೆ. ಓವನ್ನಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಷಾಢದಲ್ಲಿ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಅಣ್ಣನ ಮಗ ಮನೆ ಖಾಲಿ ಮಾಡುವಾಗ ಆ ಡಬ್ಬ ತಂದುಕೊಟ್ಟ. ಮೇಲೆ ಅಕ್ಕನಿಗೆ ಎಂದು ಸೊಟ್ಟ ಅಕ್ಷರದಲ್ಲಿ ಬರೆದಿತ್ತು. ಅಕ್ಕಿಗೆ ಹುಳ ಬಿದ್ದಿತ್ತು, ಚೆಲ್ಲಿದೆ. ಬಾಗಿಲು ಇಟ್ಟುಕೊಂಡೆ.

ಈ ಸಲ ದೀಪಾವಳಿ ಮುಗಿದ ವಾರ ಚನ್ನರಾಯಪಟ್ಟಣದ ಗಂಡನ ಮನೆಯಿಂದ ನನ್ನ ಮಗನ ಮಗಳು ಬ್ಯಾಗು ಹಿಡಿದು ಬಂದಳು. ನಾಲ್ಕು ದಿನ ಇರಲಿ, ಬುದ್ಧಿ ಹೇಳಿ ಕಳಿಸೋಣ ಎಂದ ಮಗ. ಐದನೇ ದಿನ ಸೊಸೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟುಕೊಂಡು ನಡುಮನೆಗೆ ಬಂದಳು. ಹುಡುಗಿ ಸೆರಗು ಒಡ್ಡಲು ಎದ್ದು ನಿಂತಳು. ಕಾಲು ಬೀದಿಯ ಕಡೆಗಿತ್ತು, ಕತ್ತು ನಮ್ಮ ಕಡೆಗಿತ್ತು.

"ನನ್ನ ತಂಗೀನೂ ಇಂಗೇ ಬ್ಯಾಗು ಇಡ್ಕಂಡು ಬಂದಿದ್ಲು ಕಣವ್ವ" ಎಂದೆ ಸೊಸೆಗೆ. "ಮಡ್ಲು ತುಂಬಿ ಬಾಗ್ಲು ಆಕ್ಕಂಡೆ. ಅವಳ ಹೊಟ್ಟೆನೋವು ಏನೂಂತ ನಂಗೊತ್ತಿತ್ತು. ಆ ಅಕ್ಕೀನ ಅನ್ನಕ್ಕಿಡು."

ಸೊಸೆ ಮೊರ ಹಿಡಿದುಕೊಂಡು ಒಲೆಯ ಕಡೆ ಹೋದಳು.

ಮಗ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಚನ್ನರಾಯಪಟ್ಟಣದಿಂದ ದಿನಾ ಫೋನು ಬರುತ್ತದೆ. ಮುಂದೆ ಏನಾಗುತ್ತದೋ ನನಗೆ ತಿಳಿಯದು. ಹುಡುಗಿ ಒಳಗಿದ್ದಾಳೆ, ಅಷ್ಟೇ.

ಟೀಚರಮ್ಮನಿಗೆ ಹೇಳಬೇಕಾದ ಮಾತು ಒಂದು ಉಳಿಯಿತು. ನಾನು ನಾಲ್ಕನೇ ಕ್ಲಾಸು ಓದಿದವಳು, ನಂಬರು ಓದಲು ಬರುತ್ತದೆ. ನೂರ ಮೂವತ್ತು ಎಂದು ನೋಡಿದ್ದೆ. ನೋಡಿಯೇ ತಿರುಗಿಸಿದೆ.