ಚಿಪ್‌ಗಳ ಜೊತೆ ಶೇಂಗಾ

ಇಚಲಕರಂಜಿಯಲ್ಲಿ ಮಗ್ಗದ ಕಂಟ್ರೋಲ್ ಕಾರ್ಡ್ ರಿಪೇರಿ ಮಾಡುವುದು ನನ್ನ ಕೆಲಸ. ಹೊಸ ಚಿಪ್ ತೇವ ಹಿಡಿದಿದ್ದರೆ ಬೆಸುಗೆಯ ಬಿಸಿಗೆ ಬಿರುಕು ಬಿಡುತ್ತದೆ. ಒಣಗಿಸುವ ಯಂತ್ರ ನಮ್ಮಲ್ಲಿಲ್ಲ. ಹಾಗಾಗಿ ಮನೆ ಮಾಲಕಿ ಕಾಕುವನ್ನು ಕೇಳಿ, ಇದ್ದ ಆರೇ ಚಿಪ್‌ಗಳನ್ನು ಅವರ ಕೇಕ್ ಓವನ್ನಿನಲ್ಲಿಟ್ಟೆ. ಸಂಜೆಗೆ ಕಾರ್ಡ್ ಕೊಡದಿದ್ದರೆ ಒಬ್ಬರ ಮಗ್ಗ ನಿಂತೇ ಇರುತ್ತಿತ್ತು.

ಮಧ್ಯಾಹ್ನ ನೋಡಿದರೆ ಕೆಳಗಿನ ತಟ್ಟೆಯಲ್ಲಿ ಹಸಿ ಶೇಂಗಾ. ಓವನ್ ಬಾಗಿಲ ಗಾಜಿನ ತುಂಬ ಹಬೆ.

“ಓವನ್ ಹೆಂಗೂ ಕಾದಿತ್ತಲ್ಲ, ಸುಮ್ನ ಕರೆಂಟ್ ಯಾಕ ಸುಡೂದು? ನಿನ್ನವನ್ನ ನಾ ಮುಟ್ಟಿಲ್ಲವ್ವಾ,” ಅಂದರು ಕಾಕು.

“ಅವನ್ನ ಒಣಗಸಾಕ ಇಟ್ಟಿದ್ದೆ ರೀ.”

“ನಾನೂ ಒಣಗಸಾಕನ ಇಟ್ಟೇನಿ.”

ಶೇಂಗಾ ಆಗುವವರೆಗೆ ಕಾದು, ಅದರ ಹಬೆಗೆ ಮತ್ತೆ ತೇವ ಹಿಡಿದ ಚಿಪ್‌ಗಳನ್ನು ಮೊದಲಿನಿಂದ ಒಣಗಿಸಲಿಟ್ಟೆ. ಅಷ್ಟರಲ್ಲಿ ಮಗ್ಗದ ಮಾಲಕರ ಫೋನ್ ಬಂತು. “ಮಟೀರಿಯಲ್ ಪ್ರೊಸೆಸಿಂಗ್‌ನಾಗ ಐತ್ರಿ, ಕಾರ್ಡ್ ನಾಳೆ,” ಅಂದೆ. ಯಾವ ಮಟೀರಿಯಲ್ ಎಂದು ಅವರು ಕೇಳಲಿಲ್ಲ.